ಮಳಿಗೆಯ ಧೂಳು, ಮುಗಿಯದ ನೆಗಡಿ: ಅಲರ್ಜಿಯ ಮೂಗಿನ ಉರಿಯೂತವನ್ನು ಗುರುತಿಸುವ ಹಾಗೂ ಚಿಕಿತ್ಸೆ ಮಾಡುವ ಬಗೆ

ಬೆಳಿಗ್ಗೆ ಮಳಿಗೆಯ ಬಾಗಿಲು ತೆಗೆದು ಕಸ ಗುಡಿಸುವ ಹೊತ್ತಿಗೆ ಆರಂಭವಾದ ಸೀನು ಹತ್ತು ಹನ್ನೆರಡಾದರೂ ನಿಲ್ಲುವುದಿಲ್ಲ. ಮೂಗಿನಿಂದ ನೀರಿನಂತಹ ಸ್ರಾವ, ಕಣ್ಣಿನಲ್ಲಿ ಮತ್ತು ಅಂಗುಳಿನಲ್ಲಿ ನವೆ, ಸಂಜೆಯಾಗುತ್ತಲೇ ಮೂಗು ಕಟ್ಟಿ ಬಾಯಿಂದ ಉಸಿರಾಟ. ಗಲ್ಲಾದ ಮುಂದೆ ಕುಳಿತ ಮಾಲೀಕರಾಗಲಿ, ಮೂಟೆ ಹೊರುವ ಹಮಾಲರಾಗಲಿ ಇದನ್ನು ಧೂಳಿನ ನೆಗಡಿ ಎಂದು ಕರೆದು, ಪಕ್ಕದ ಔಷಧಿ ಅಂಗಡಿಯಿಂದ ಒಂದು ಮಾತ್ರೆ ತರಿಸಿ ನುಂಗಿ ಕೆಲಸ ಮುಂದುವರಿಸುವುದು ಮಾರುಕಟ್ಟೆ ಪ್ರಾಂಗಣಗಳಲ್ಲಿ ಬಹುಕಾಲದ ವಾಡಿಕೆ. ವರ್ಷಗಟ್ಟಲೆ ಹೀಗೆ ನಡೆದು, ಒಂದು ರಾತ್ರಿ ಎದೆ ಬಿಗಿದು ಉಬ್ಬಸ ಬಂದಾಗ ಮಾತ್ರ ವೈದ್ಯರ ನೆನಪಾಗುತ್ತದೆ.

ಇದು ನೆಗಡಿಯಲ್ಲ. ವೈದ್ಯಶಾಸ್ತ್ರವು ಅಲರ್ಜಿಕ್ ರೈನೈಟಿಸ್ ಎಂದು ಕರೆಯುವ, ಮೂಗಿನ ಒಳಪೊರೆಯ ದೀರ್ಘಕಾಲದ ಉರಿಯೂತ. ಇದರಿಂದ ಪ್ರಾಣಾಪಾಯವಿಲ್ಲವೆಂಬ ಕಾರಣಕ್ಕೆ ಜನರು ಇದನ್ನು ಲಘುವಾಗಿ ಕಾಣುತ್ತಾರೆ. ಆದರೆ ಧೂಳಿನ ನಡುವೆ ವ್ಯವಹಾರ ನಡೆಸುವ ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳಿಗೆ ಇದು ಎರಡು ಕಾರಣಗಳಿಂದ ಮುಖ್ಯವಾದ ವಿಷಯ. ವೃತ್ತಿಯ ಧೂಳಿನಿಂದ ಬರುವ ಉಬ್ಬಸಕ್ಕೆ ಅನೇಕ ವೇಳೆ ಮೂಗೇ ಮೊದಲ ಮುನ್ಸೂಚನೆ. ಇನ್ನೊಂದು, ಇದಕ್ಕಾಗಿ ವಾಡಿಕೆಯಲ್ಲಿ ನುಂಗುವ ಮಾತ್ರೆಯು ರೋಗಕ್ಕೆ ಅರ್ಧ ಪರಿಹಾರವನ್ನಷ್ಟೇ ಕೊಟ್ಟು, ಯಂತ್ರದ ಮುಂದೆ ನಿಂತವನ ಕೈಗೆ ಪೂರ್ಣ ಅಪಾಯವನ್ನು ತರಬಲ್ಲದು.

ನೆಗಡಿಗೂ ಇದಕ್ಕೂ ಇರುವ ವ್ಯತ್ಯಾಸ

ಸಾಮಾನ್ಯ ನೆಗಡಿ ವೈರಾಣುವಿನಿಂದ ಬರುತ್ತದೆ. ಗಂಟಲು ನೋವು, ಮೈಕೈ ನೋವು, ಕೆಲವೊಮ್ಮೆ ಸಣ್ಣ ಜ್ವರ ಜೊತೆಗಿರುತ್ತವೆ. ಎರಡು ಮೂರು ದಿನಗಳಲ್ಲಿ ಸಿಂಬಳ ಗಟ್ಟಿಯಾಗಿ, 7ರಿಂದ 10 ದಿನಗಳೊಳಗೆ ಎಲ್ಲವೂ ಶಮನವಾಗುತ್ತದೆ. ಅಲರ್ಜಿಯಲ್ಲಿ ಜ್ವರವಿರುವುದಿಲ್ಲ, ಸ್ರಾವವು ನೀರಿನಂತೆಯೇ ಉಳಿಯುತ್ತದೆ, ಸೀನು ಒಂದರ ಮೇಲೊಂದು ಸರಣಿಯಾಗಿ ಬರುತ್ತದೆ, ವಾರಗಳು, ತಿಂಗಳುಗಳು ಕಳೆದರೂ ಮುಗಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಗುರುತು ನವೆ. ಮೂಗು, ಕಣ್ಣು, ಅಂಗುಳು, ಕಿವಿಯ ಒಳಗೆ ತುರಿಕೆ ಇದ್ದರೆ ಅದು ವೈರಾಣುವಿನ ಕೆಲಸವಾಗಿರುವ ಸಂಭವ ಕಡಿಮೆ.

'ಅಲರ್ಜಿ' ಎಂಬ ಪದವನ್ನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ವಾನ್ ಪಿರ್ಕೆ 1906ರಲ್ಲಿ ಬಳಕೆಗೆ ತಂದರು. ಅದರ ಹಿಂದಿರುವ ಐಜಿಇ ಎಂಬ ಪ್ರತಿಕಾಯವು ಪತ್ತೆಯಾಗಲು ಮತ್ತೆ ಅರವತ್ತು ವರ್ಷಗಳು ಬೇಕಾದವು. ಅಮೆರಿಕದಲ್ಲಿದ್ದ ಇಶಿಜಾಕಾ ದಂಪತಿ ಹಾಗೂ ಸ್ವೀಡನ್ನಿನ ಸಂಶೋಧಕರು ಪ್ರತ್ಯೇಕವಾಗಿ ಕಂಡುಕೊಂಡ ಇದಕ್ಕೆ 1968ರಲ್ಲಿ ಈ ಹೆಸರು ನಿಗದಿಯಾಯಿತು. ಮೊದಲ ಬಾರಿ ಹಿಟ್ಟೋ ಪರಾಗವೋ ಮೂಗಿಗೆ ಹೋದಾಗ ಯಾವ ತೊಂದರೆಯೂ ಕಾಣಿಸುವುದಿಲ್ಲ. ಕೆಲವರ ದೇಹವು ಮಾತ್ರ ಅದನ್ನು ಶತ್ರುವೆಂದು ತಪ್ಪಾಗಿ ಎಣಿಸಿ, ಒಳಗೊಳಗೇ ಐಜಿಇ ತಯಾರಿಸಿಕೊಳ್ಳುತ್ತದೆ. ಈ ಪ್ರತಿಕಾಯವು ಮೂಗಿನ ಒಳಪೊರೆಯ ಮಾಸ್ಟ್ ಕೋಶಗಳ ಮೇಲೆ ಕಾದು ಕುಳಿತಿರುತ್ತದೆ. ಮುಂದೆ ಅದೇ ವಸ್ತು ಮತ್ತೆ ಬಂದಾಗ ಆ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಕೆಲವೇ ನಿಮಿಷಗಳಲ್ಲಿ ಹೊರಚೆಲ್ಲುತ್ತವೆ. ಸೀನು, ನವೆ, ಸ್ರಾವ ಆರಂಭವಾಗುತ್ತವೆ.

ಈ ಒಳತಯಾರಿಗೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಹತ್ತು ವರ್ಷ ಇದೇ ಗಿರಣಿಯಲ್ಲಿ ದುಡಿದವನಿಗೆ ಇಲ್ಲದ ತೊಂದರೆ ಈಗೇಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಇನ್ನೊಂದು ಸಂಗತಿಯೂ ಉಂಟು. ಮೊದಲ ಅಲೆ ಅಡಗಿದ ಮೇಲೆ, ಸುಮಾರು 4ರಿಂದ 8 ಗಂಟೆಗಳ ನಂತರ ಎರಡನೆಯ ಅಲೆ ಬರಬಹುದು; ಅದರಲ್ಲಿ ಸೀನಿಗಿಂತ ಮೂಗು ಕಟ್ಟುವುದೇ ಹೆಚ್ಚು. ಹೀಗಾಗಿ ಹಗಲು ಗಿರಣಿಯ ಧೂಳು ಕುಡಿದವನ ಮೂಗು ಮನೆಗೆ ಹೋದ ಮೇಲೆ ಕಟ್ಟುತ್ತದೆ. ದೋಷವನ್ನು ಮಾತ್ರ ಫ್ಯಾನಿನ ಗಾಳಿಯೋ ರಾತ್ರಿ ಉಂಡ ಮೊಸರೋ ಹೊರಬೇಕಾಗುತ್ತದೆ.

ಯಾವ ಸರಕಿನಲ್ಲಿ ಯಾವ ಧೂಳು

ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ 1700ರಲ್ಲಿ ವೃತ್ತಿಗಳಿಂದ ಬರುವ ರೋಗಗಳ ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಹಿಟ್ಟಿನ ಗಿರಣಿಯವರು, ರೊಟ್ಟಿ ಸುಡುವವರು, ಧಾನ್ಯ ಜರಡಿ ಹಿಡಿಯುವವರು ಧೂಳಿನಿಂದ ಪಡುವ ಪಾಡನ್ನು ಅದರಲ್ಲಿ ವಿವರಿಸಿದ್ದಾರೆ. ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳಿಗೆ ಅವರು ಸೇರಿಸಿದ್ದು ಒಂದು: ನೀನು ಮಾಡುವ ಕೆಲಸ ಯಾವುದು? ಈ ಪ್ರಶ್ನೆಯನ್ನು ಇಂದಿಗೂ ಎಲ್ಲ ವೈದ್ಯರೂ ಕೇಳುವುದಿಲ್ಲ. ಕೇಳದಿದ್ದರೂ ರೋಗಿ ತಾನಾಗಿ ಹೇಳುವುದು ಒಳ್ಳೆಯದು.

ಹಿಟ್ಟಿನ ಗಿರಣಿ ಮತ್ತು ಬೇಕರಿಗಳಲ್ಲಿ ಗೋಧಿಹಿಟ್ಟಿನ ಧೂಳು ಜಗತ್ತಿನಾದ್ಯಂತ ಹೆಸರಾದ ಅಲರ್ಜಿಕಾರಕ. ಬ್ರೆಡ್ಡು ಚೆನ್ನಾಗಿ ಉಬ್ಬಲೆಂದು ಹಿಟ್ಟಿಗೆ ಬೆರೆಸುವ ಅಮೈಲೇಸ್ ಎಂಬ ಕಿಣ್ವವೂ ಅಷ್ಟೇ ತೀಕ್ಷ್ಣ. ಅದರ ಪುಡಿಯನ್ನು ತೆರೆದ ಚಮಚದಲ್ಲಿ ಅಳೆದು ಸುರಿಯುವವನ ಮೂಗಿಗೆ ಅಪಾಯ ಹೆಚ್ಚು. ಚಿಕ್ಕಮಗಳೂರು, ಹಾಸನ, ಕೊಡಗಿನ ಕಡೆಯ ಕಾಫಿ ಸಂಸ್ಕರಣಾ ಘಟಕಗಳಿಗೆ ಸಂಬಂಧಿಸಿದ ಸಂಗತಿ ಇನ್ನಷ್ಟು ಕುತೂಹಲಕರ. ಹುರಿಯದ ಕಾಫಿ ಬೀಜದ ಧೂಳು ಅಲರ್ಜಿ ಉಂಟುಮಾಡಬಲ್ಲದು. ಹುರಿದ ಮೇಲೆ ಆ ಗುಣ ಬಹುಮಟ್ಟಿಗೆ ಕುಂದುತ್ತದೆ. ಹಿಂದೆ ಹರಳು ಬೀಜ ತುಂಬಿದ್ದ ಗೋಣಿಚೀಲಗಳನ್ನೇ ಕಾಫಿಗೆ ಮರುಬಳಕೆ ಮಾಡಿದಾಗ, ಚೀಲದಲ್ಲಿ ಉಳಿದ ಹರಳಿನ ಧೂಳಿನಿಂದ ಕಾಫಿ ಕಾರ್ಮಿಕರು ನರಳಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ. ಹಳೆಯ ಚೀಲದ ಅಗ್ಗದ ಬೆಲೆಯಲ್ಲಿ ಈ ಬಾಬತ್ತನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ಗೂಡು ಮತ್ತು ಒಳಗಿನ ಹುಳುವಿನ ಪ್ರೋಟೀನುಗಳು ಬಿಸಿನೀರಿನ ಆವಿಯೊಡನೆ ಗಾಳಿಗೆ ಸೇರುತ್ತವೆ. ಬಿಚ್ಚಾಣಿಕೆ ಘಟಕಗಳ ಕಾರ್ಮಿಕರಲ್ಲಿ ಈ ಬಗೆಯ ಉಬ್ಬಸವಿರುವುದನ್ನು 1980ರ ದಶಕದಲ್ಲಿಯೇ ಭಾರತೀಯ ಸಂಶೋಧಕರು ವರದಿ ಮಾಡಿದ್ದರು. ಪೀಠೋಪಕರಣ ತಯಾರಿಕೆಯಲ್ಲಿ ಕೆಲವು ಜಾತಿಯ ಮರದ ಹುಡಿ, ಬಣ್ಣ ಸಿಂಪಡಿಸುವಲ್ಲಿ ಐಸೊಸಯನೇಟ್ ಇರುವ ಎರಡು ಭಾಗದ ಬಣ್ಣಗಳು, ಸಾಬೂನು ಪುಡಿ ಘಟಕಗಳಲ್ಲಿ ಕಿಣ್ವಗಳು ಇದೇ ಸಾಲಿನವು. ದಿನಸಿ ಮತ್ತು ಜವಳಿ ಗೋದಾಮುಗಳಲ್ಲಿ ಸರಕಿಗಿಂತ ಸರಕಿನೊಡನೆ ಬೆಳೆಯುವ ನುಸಿ, ಜಿರಳೆಯ ಪುಡಿ, ಮಳೆಗಾಲದ ಬೂಷ್ಟು ಕಾರಣವಾಗಿರುವುದೇ ಹೆಚ್ಚು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸೀನು ತರಿಸುವ ಧೂಳೆಲ್ಲ ಅಲರ್ಜಿಯಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಕಾಲಿಟ್ಟ ಹೊಸಬರೂ ಸೀನುತ್ತಾರೆ. ಖಾರಕ್ಕಿಂತ ಬಣ್ಣಕ್ಕೇ ಹೆಸರಾದ ಆ ಕಾಯಿಯಲ್ಲಿಯೂ ಇರುವ ಕ್ಯಾಪ್ಸೈಸಿನ್ ನೇರವಾಗಿ ನರದ ತುದಿಗಳನ್ನು ಕೆರಳಿಸುತ್ತದೆ. ಇದು ಕೆರಳಿಕೆ. ಕೆರಳಿಕೆ ಎಲ್ಲರನ್ನೂ ಕಾಡುತ್ತದೆ, ಧೂಳು ಹೆಚ್ಚಿದಷ್ಟೂ ಹೆಚ್ಚುತ್ತದೆ, ಹೊರಗೆ ಬಂದೊಡನೆ ಬಹುಮಟ್ಟಿಗೆ ಇಳಿಯುತ್ತದೆ. ಅಲರ್ಜಿ ಹತ್ತು ಜನರ ನಡುವೆ ಒಬ್ಬಿಬ್ಬರನ್ನು ಮಾತ್ರ ಹಿಡಿಯುತ್ತದೆ, ಮತ್ತು ಹಿಡಿದ ಮೇಲೆ ಅವರಿಗೆ ಚಿಟಿಕೆ ಧೂಳೂ ಸಾಕು. ಕೆರಳಿಕೆಗೆ ಅಲರ್ಜಿಯ ಮಾತ್ರೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಲ್ಲಿ ಧೂಳು ತಡೆಯುವುದೇ ಚಿಕಿತ್ಸೆ.

ರಜೆಯ ದಿನದ ಲೆಕ್ಕ

ಕಾರಣ ಕೆಲಸದ ಸ್ಥಳದಲ್ಲಿದೆಯೋ ಮನೆಯಲ್ಲಿದೆಯೋ ಎಂಬುದನ್ನು ತಿಳಿಯಲು ಮೊದಲು ಬೇಕಾದುದು ಒಂದು ನೋಟ್ ಪುಸ್ತಕ. ಮೂರು ನಾಲ್ಕು ವಾರ, ಪ್ರತಿದಿನ ಸೀನು, ಸ್ರಾವ, ಮೂಗು ಕಟ್ಟುವಿಕೆಗಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟು, ಅಂದು ಮುಟ್ಟಿದ ಸರಕನ್ನೂ ಪಕ್ಕದಲ್ಲಿ ಬರೆಯಬೇಕು. ವಾರದ ರಜೆಯಂದು ಅಂಕ ಇಳಿದು, ಊರಿಗೋ ಯಾತ್ರೆಗೋ ಹೋದ ವಾರ ಸೊನ್ನೆಗೆ ಸಮೀಪಿಸಿ, ಮರಳಿದ ಮರುದಿನವೇ ಏರಿದರೆ ಸಂಶಯ ಕೆಲಸದ ಧೂಳಿನ ಕಡೆಗೆ ವಾಲುತ್ತದೆ. ತೊಂದರೆ ಹಳೆಯದಾಗಿದ್ದರೆ ಒಂದು ದಿನದ ರಜೆ ಸಾಲದು. ಮೂಗು ಚೇತರಿಸಿಕೊಳ್ಳಲು ವಾರವಾದರೂ ಬೇಕು. ಇದಕ್ಕೆ ವ್ಯತಿರಿಕ್ತವಾಗಿ, ಹಾಸಿಗೆಯಿಂದ ಏಳುವಾಗಲೇ ಸೀನು ಹೆಚ್ಚಾಗಿದ್ದರೆ ಹಾಸಿಗೆ ದಿಂಬುಗಳ ನುಸಿಯನ್ನು ಶಂಕಿಸಬೇಕು. ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ತೊಳೆದರೆ ನುಸಿ ಸಾಯುತ್ತದೆ. ಖಾಲಿ ನಿವೇಶನಗಳ ಪಕ್ಕದಲ್ಲಿ ವಾಸವಿರುವವರಿಗೆ ಪಾರ್ಥೇನಿಯಂ, ಅಂದರೆ ಜನರು ಕಾಂಗ್ರೆಸ್ ಗಿಡವೆನ್ನುವ ಕಳೆಯ ಪರಾಗವೂ ಕಾರಣವಾಗಬಲ್ಲದೆಂಬುದನ್ನು ಬೆಂಗಳೂರಿನ ರೋಗಿಗಳ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಈ ಪುಸ್ತಕದೊಡನೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಂಡರೆ ಅರ್ಧ ಕೆಲಸ ಮುಗಿದಂತೆ. ಚರ್ಮದ ಮೇಲೆ ಸಂಶಯಿತ ವಸ್ತುವಿನ ಹನಿಯಿಟ್ಟು ಸೂಜಿಮೊನೆಯಿಂದ ಚುಚ್ಚುವ ಪರೀಕ್ಷೆಯ ಫಲಿತಾಂಶ 15ರಿಂದ 20 ನಿಮಿಷಗಳಲ್ಲಿ ದೊರೆಯುತ್ತದೆ. ಅದಕ್ಕೆ ಮುಂಚೆ ಸುಮಾರು ಒಂದು ವಾರ, ವೈದ್ಯರು ಹೇಳಿದಂತೆ, ಹಿಸ್ಟಮಿನ್‌ನಿರೋಧಕ ಮಾತ್ರೆಗಳನ್ನು ನಿಲ್ಲಿಸಿರಬೇಕು. ಇಲ್ಲವಾದರೆ ಪರೀಕ್ಷೆ ಸುಳ್ಳು ಹೇಳುತ್ತದೆ. ರಕ್ತದಲ್ಲಿ ನಿರ್ದಿಷ್ಟ ಐಜಿಇ ಅಳೆಯುವುದು ಇನ್ನೊಂದು ಮಾರ್ಗ. ಪರೀಕ್ಷೆಯಲ್ಲಿ ಬಂದ ಗುರುತು ದಿನಚರಿಯ ಲಕ್ಷಣಗಳಿಗೆ ತಾಳೆಯಾದರೆ ಮಾತ್ರ ಅದಕ್ಕೆ ಬೆಲೆ. ನೂರಾರು ಆಹಾರಪದಾರ್ಥಗಳಿಗೆ ಐಜಿಜಿ ಪರೀಕ್ಷೆ ಮಾಡಿಕೊಡುವ ಪ್ಯಾಕೇಜುಗಳನ್ನು ಅಲರ್ಜಿ ತಜ್ಞರ ಸಂಘಗಳು ಒಪ್ಪುವುದಿಲ್ಲ. ಅದು ಹಣದ ಪೋಲು.

ಮೂಗಿನಿಂದ ಎದೆಗೆ

ಮೂಗು ಮತ್ತು ಶ್ವಾಸಕೋಶ ಒಂದೇ ಹಾದಿಯ ಎರಡು ತುದಿಗಳು. ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ಸಿದ್ಧವಾಗಿ 2001ರಲ್ಲಿ ಪ್ರಕಟವಾದ ಅರಿಯಾ ಮಾರ್ಗಸೂಚಿಯ ತಿರುಳು ಇದೇ. ಉಬ್ಬಸವಿರುವವರಲ್ಲಿ ಬಹುಪಾಲು ಜನರಿಗೆ ಮೂಗಿನ ತೊಂದರೆಯೂ ಇರುತ್ತದೆ. ವೃತ್ತಿಯ ಧೂಳಿನ ವಿಷಯದಲ್ಲಿ, ಅದರಲ್ಲಿಯೂ ಹಿಟ್ಟಿನಂತಹ ಪ್ರೋಟೀನ್ ಧೂಳುಗಳಲ್ಲಿ, ಮೂಗಿನ ಲಕ್ಷಣಗಳು ಮೊದಲು ಬಂದು ಎದೆಯ ಲಕ್ಷಣಗಳು ಅನಂತರ ಬರುವುದು ಸಾಮಾನ್ಯ. ಈ ನಡುವಿನ ಕಾಲವೇ ಮಾಲೀಕನಿಗೂ ಕಾರ್ಮಿಕನಿಗೂ ದೊರೆಯುವ ಅವಕಾಶ. ರಾತ್ರಿ ಕೆಮ್ಮು, ಉಸಿರಿನಲ್ಲಿ ಸಿಳ್ಳೆಯ ಸದ್ದು, ಮೂಟೆ ಹೊತ್ತಾಗ ಎದೆ ಬಿಗಿತ ಇವುಗಳಲ್ಲಿ ಯಾವುದಾದರೂ ಸೇರಿಕೊಂಡರೆ ಶ್ವಾಸಕೋಶದ ಪರೀಕ್ಷೆಯನ್ನು ಮುಂದೂಡಬಾರದು.

ಮಾತ್ರೆ, ಸ್ಪ್ರೇ, ಸೂಜಿ

ಔಷಧಿ ಅಂಗಡಿಯಲ್ಲಿ 'ನೆಗಡಿ ಮಾತ್ರೆ' ಎಂದು ಕೇಳಿದರೆ ದೊರೆಯುವುದರಲ್ಲಿ ಬಹುಮಟ್ಟಿಗೆ ಕ್ಲೋರ್‌ಫೆನಿರಮಿನ್ ಇರುತ್ತದೆ. ಇದು ಹಳೆಯ ಪೀಳಿಗೆಯ ಹಿಸ್ಟಮಿನ್‌ನಿರೋಧಕ. ಮಿದುಳಿಗೆ ಪ್ರವೇಶಿಸಿ ತೂಕಡಿಕೆ ತರುತ್ತದೆ. ರಾತ್ರಿ ನುಂಗಿದ್ದರ ಪ್ರಭಾವ ಮರುದಿನ ಬೆಳಿಗ್ಗೆಯೂ ಉಳಿದಿರಬಹುದು. ತೂಕಡಿಕೆ ಅನುಭವಕ್ಕೆ ಬಾರದಿದ್ದರೂ ಕೈಯ ಚುರುಕು ತಗ್ಗಿರುತ್ತದೆ ಎಂಬುದೇ ಇದರ ಕಪಟ. ಗರಗಸ, ಪ್ರೆಸ್, ಲೇತ್ ನಡೆಸುವವರು, ಲಾರಿ ಓಡಿಸುವವರು ಇದರಿಂದ ದೂರವಿರಬೇಕು. ಫೆಕ್ಸೊಫೆನಡಿನ್, ಲೊರಾಟಡಿನ್, ಬಿಲಾಸ್ಟಿನ್ ಮುಂತಾದ ಹೊಸ ಪೀಳಿಗೆಯವು ಮಿದುಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಬಹಳ ಬಳಕೆಯಲ್ಲಿರುವ ಸೆಟಿರಿಜಿನ್ ಕೆಲವರಿಗೆ ನಿದ್ದೆ ತರುತ್ತದೆ. ಫೆಕ್ಸೊಫೆನಡಿನ್ ಮಾತ್ರೆಯನ್ನು ಹಣ್ಣಿನ ರಸದೊಡನೆ ಸೇವಿಸಿದರೆ ಅದರ ಹೀರಿಕೆ ಕುಂದುವುದರಿಂದ ನೀರಿನಲ್ಲಿಯೇ ನುಂಗಬೇಕು. ಸಂಯುಕ್ತ ಮಾತ್ರೆಗಳಲ್ಲಿ ಮೂಗು ಬಿಡಿಸಲೆಂದು ಸೇರಿಸುವ ಫಿನೈಲೆಫ್ರಿನ್ ಬಾಯಿಯ ಮೂಲಕ ಕೊಟ್ಟಾಗ ಪರಿಣಾಮಕಾರಿಯಲ್ಲವೆಂದು ಅಮೆರಿಕದ ಔಷಧ ನಿಯಂತ್ರಕರ ಸಲಹಾ ಸಮಿತಿ 2023ರಲ್ಲಿ ಅಭಿಪ್ರಾಯಪಟ್ಟಿತು.

ಮಾತ್ರೆ ಸೀನು, ನವೆಗಳನ್ನು ತಗ್ಗಿಸುತ್ತದೆಯೇ ಹೊರತು ಕಟ್ಟಿದ ಮೂಗಿಗೆ ಹೆಚ್ಚು ಸಹಾಯ ಮಾಡದು. ವಾರದಲ್ಲಿ ನಾಲ್ಕು ದಿನಗಳಿಗೂ ಹೆಚ್ಚು ಕಾಡುತ್ತ, ನಿದ್ದೆಯನ್ನೋ ಕೆಲಸವನ್ನೋ ಕೆಡಿಸುವ ತೊಂದರೆಗೆ ಮುಖ್ಯ ಔಷಧಿ ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಸ್ಪ್ರೇ: ಫ್ಲುಟಿಕಾಸೋನ್, ಮೊಮೆಟಾಸೋನ್, ಬುಡೆಸೊನೈಡ್ ಇತ್ಯಾದಿ. 'ಸ್ಟೀರಾಯ್ಡ್' ಎಂಬ ಪದ ಕೇಳಿಯೇ ಹಿಂಜರಿಯುವವರು ಅನೇಕರು. ಆದರೆ ಸ್ಪ್ರೇಯಲ್ಲಿರುವುದು ಮೈಕ್ರೊಗ್ರಾಮ್ ಲೆಕ್ಕದ ಔಷಧಿ, ಅದರಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ. ನಿಜವಾಗಿ ಹೆದರಬೇಕಾದುದು 'ಒಂದು ಸೂಜಿ ಹಾಕಿಸಿದರೆ ಆರು ತಿಂಗಳು ಸೀನಿಲ್ಲ' ಎಂಬ ಮಾತಿನೊಡನೆ ಕೊಡುವ ದೀರ್ಘಾವಧಿಯ ಸ್ಟೀರಾಯ್ಡ್ ಚುಚ್ಚುಮದ್ದಿಗೆ. ಅದು ಇಡೀ ದೇಹಕ್ಕೆ ಹರಡಿ ಸಕ್ಕರೆ ಮತ್ತು ರಕ್ತದೊತ್ತಡಗಳನ್ನು ಏರಿಸಬಹುದು, ಮೇಲಿಂದ ಮೇಲೆ ಪಡೆದರೆ ಮೂಳೆಗಳನ್ನು ಸವೆಸಬಹುದು. ಜನರು ಸ್ಪ್ರೇಗೆ ಅಂಜಿ ಸೂಜಿಯನ್ನು ಅಪ್ಪುವುದು ವಿಪರ್ಯಾಸ.

ಸ್ಪ್ರೇ ಫಲ ಕೊಡದಿರುವುದಕ್ಕೆ ಹೆಚ್ಚಿನ ವೇಳೆ ಕಾರಣ ಅದನ್ನು ಬಳಸುವ ಕ್ರಮ. ಮೊದಲು ಮೂಗನ್ನು ಸ್ವಚ್ಛಗೊಳಿಸಿ, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಬೇಕು. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹಿಡಿದು, ತುದಿಯು ಮೂಗಿನ ನಡುಗೋಡೆಯ ಕಡೆಗಲ್ಲದೆ ಹೊರಬದಿಗೆ, ಕಣ್ಣಿನ ಹೊರಮೂಲೆಯತ್ತ ಇರುವಂತೆ ಸಿಂಪಡಿಸಬೇಕು. ಗೊರಕೆಯಂತೆ ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಹೋಗುತ್ತದೆ. ಮೆಲ್ಲಗೆ ಉಸಿರೆಳೆದರೆ ಸಾಕು. ನಡುಗೋಡೆಗೆ ತಗುಲಿದರೆ ರಕ್ತ ಒಸರುವುದುಂಟು. ಪೂರ್ಣ ಫಲ ಕಾಣಲು ಒಂದೆರಡು ವಾರ ಬೇಕಾಗುವುದರಿಂದ ದಿನವೂ ಬಳಸಬೇಕು. ಸೀನು ಬಂದ ದಿನ ಮಾತ್ರ ಹಾಕಿಕೊಂಡು ಪ್ರಯೋಜನವಿಲ್ಲವೆಂದು ಮೂಲೆಗಿಡುವುದು ತಪ್ಪು. ದಿನಕ್ಕೆ ಪ್ರತಿ ಹೊಳ್ಳೆಗೆ ಎರಡರಂತೆ 120 ಸಿಂಚನಗಳ ಬಾಟಲಿ 30 ದಿನ ಬರುತ್ತದೆ. ಇದರಿಂದಲೂ ಸಾಲದಿದ್ದರೆ ಅಜೆಲಾಸ್ಟಿನ್ ಸೇರಿದ ಸಂಯುಕ್ತ ಸ್ಪ್ರೇಯನ್ನು ವೈದ್ಯರು ಸೂಚಿಸಬಹುದು.

ಸ್ಟೀರಾಯ್ಡ್ ಸ್ಪ್ರೇಗೂ ಕ್ಸೈಲೊಮೆಟಜೊಲಿನ್, ಆಕ್ಸಿಮೆಟಜೊಲಿನ್ ಎಂಬ ಮೂಗು ಬಿಡಿಸುವ ಹನಿಗಳಿಗೂ ಗೊಂದಲವಾಗಬಾರದು. ಇವು ಕೆಲವು ನಿಮಿಷಗಳಲ್ಲಿ ಮೂಗನ್ನು ತೆರೆಯುತ್ತವೆ. ಆದರೆ ಐದು ದಿನ ಮೀರಿ ಬಳಸಿದರೆ ಔಷಧಿಯೇ ಮೂಗು ಕಟ್ಟಿಸತೊಡಗುತ್ತದೆ. ಜೇಬಿನಲ್ಲಿ ಈ ಬಾಟಲಿಯಿಲ್ಲದೆ ಅಂಗಡಿಗೆ ಹೊರಡದವರು ಈ ಬಲೆಯಲ್ಲಿ ಸಿಕ್ಕವರು. ಲೆವೊಸೆಟಿರಿಜಿನ್‌ನೊಡನೆ ಬೆರೆಸಿ ಧಾರಾಳವಾಗಿ ಮಾರಾಟವಾಗುವ ಮಾಂಟೆಲುಕಾಸ್ಟ್ ಕುರಿತೂ ಎಚ್ಚರ ಬೇಕು. ಖಿನ್ನತೆ, ದುಃಸ್ವಪ್ನ, ಆತ್ಮಹತ್ಯೆಯ ಯೋಚನೆಗಳು ಕಂಡುಬಂದ ವರದಿಗಳ ಮೇಲೆ ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಅದಕ್ಕೆ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಸೇರಿಸಿ, ಅಲರ್ಜಿಯ ಮೂಗಿಗೆ ಬೇರೆ ಔಷಧಿಗಳು ಫಲಿಸದಿದ್ದಾಗ ಮಾತ್ರ ಬಳಸಬೇಕೆಂದು ತಿಳಿಸಿದರು.

ಉಪ್ಪುನೀರಿನಿಂದ ಮೂಗು ತೊಳೆಯುವುದು, ಯೋಗದಲ್ಲಿ ಜಲನೇತಿ ಎನ್ನುವ ಕ್ರಮ, ಅಗ್ಗವೂ ಉಪಯುಕ್ತವೂ ಹೌದು. ಕೆಲಸ ಮುಗಿದೊಡನೆ ಮಾಡಿದರೆ ಅಂಟಿದ ಧೂಳು ಹೊರಹೋಗುತ್ತದೆ. ಸುಮಾರು 240 ಮಿಲಿಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು ಸಾಕು. ನೀರು ಕುದಿಸಿ ಆರಿಸಿದ್ದಾಗಿರಬೇಕೆಂಬುದು ಕಡ್ಡಾಯ. ಹಸಿ ನಲ್ಲಿ ನೀರಿನಿಂದ ಮೂಗು ತೊಳೆದವರಿಗೆ ಮಿದುಳು ತಿನ್ನುವ ಅಮೀಬಾ ಸೋಂಕಿ, 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಇಬ್ಬರು ಮೃತಪಟ್ಟರು.

ಕಾರಣ ಖಚಿತವಾಗಿದ್ದು ಔಷಧಿಯಿಂದ ಹತೋಟಿಗೆ ಬಾರದವರಿಗೆ, ಅದೇ ವಸ್ತುವನ್ನು ಸೂಕ್ಷ್ಮ ಪ್ರಮಾಣದಿಂದ ಏರಿಸುತ್ತ ಚುಚ್ಚುಮದ್ದಾಗಿಯೋ ನಾಲಗೆಯಡಿಯ ಹನಿಯಾಗಿಯೋ ಕೊಡುವ ರೋಗನಿರೋಧಕ ಚಿಕಿತ್ಸೆ ಇದೆ. ಲಂಡನ್ನಿನಲ್ಲಿ ಲಿಯೊನಾರ್ಡ್ ನೂನ್ 1911ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ಮೂರು ವರ್ಷಗಳ ತಾಳ್ಮೆ ಬೇಕು. ಪ್ರತಿ ಚುಚ್ಚುಮದ್ದಿನ ನಂತರ ಅರ್ಧ ಗಂಟೆ ವೈದ್ಯರ ಕಣ್ಣೆದುರೇ ಇರಬೇಕು.

ಇನ್ನೊಂದು ಮಾತನ್ನು ಮರಗೆಲಸದವರಿಗೆ ವಿಶೇಷವಾಗಿ ಹೇಳಬೇಕಾಗಿದೆ. ಅಲರ್ಜಿ ಎರಡೂ ಹೊಳ್ಳೆಗಳನ್ನು ಕಾಡುತ್ತದೆ. ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿದ್ದು, ರಕ್ತ ಬೆರೆತ ಸ್ರಾವವಿದ್ದರೆ ಸ್ಪ್ರೇ ಹಾಕಿಕೊಂಡು ಕಾಯಬಾರದು. ಮರದ ಹುಡಿ ಮೂಗಿನ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ನಿರ್ಧರಿಸಿದೆ. ಅಂಥವರು ತಜ್ಞರಿಂದ ಮೂಗಿನ ಒಳಗನ್ನು ದೂರದರ್ಶಕ ನಳಿಕೆಯ ಮೂಲಕ ಪರೀಕ್ಷಿಸಿಕೊಳ್ಳಬೇಕು.

ಧೂಳನ್ನು ಮೂಲದಲ್ಲಿಯೇ ತಡೆಯುವುದು

ಸಣ್ಣ ಘಟಕಗಳಲ್ಲಿ ಹೆಚ್ಚಿನ ಧೂಳು ಏಳುವುದು ಉತ್ಪಾದನೆಯಿಂದಲ್ಲ, ಶುಚಿಗೊಳಿಸುವ ಕ್ರಮದಿಂದ. ಒಣ ಪೊರಕೆಯಿಂದ ಗುಡಿಸುವುದು, ಖಾಲಿ ಚೀಲಗಳನ್ನು ಕೊಡವುವುದು, ಕಂಪ್ರೆಸರ್ ಗಾಳಿಯಿಂದ ಯಂತ್ರವನ್ನೂ ಮೈಯನ್ನೂ ಊದಿಕೊಳ್ಳುವುದು ಇವು ಮೂರೂ ನೆಲಕ್ಕಿಳಿದ ಧೂಳನ್ನು ಮತ್ತೆ ಮೂಗಿನ ಎತ್ತರಕ್ಕೆ ಏರಿಸುತ್ತವೆ. ಸರಕು ಅನುಮತಿಸುವಲ್ಲಿ ಒದ್ದೆ ಬಟ್ಟೆ, ಇಲ್ಲದಲ್ಲಿ ಕೈಗಾರಿಕಾ ವ್ಯಾಕ್ಯೂಮ್ ಬಳಸಬೇಕು. ಹಿಟ್ಟು ಸುರಿಯುವ ಎತ್ತರವನ್ನು ತಗ್ಗಿಸುವುದು, ಹಾಪರಿಗೆ ಮುಚ್ಚಳ ಮಾಡಿಸುವುದು ಸ್ಥಳೀಯ ವೆಲ್ಡಿಂಗ್ ಅಂಗಡಿಯಲ್ಲಿಯೇ ಆಗುವ ಕೆಲಸ. ಗೋಡೆಯ ಎಕ್ಸಾಸ್ಟ್ ಫ್ಯಾನು ಇಡೀ ಕೋಣೆಯ ಧೂಳನ್ನು ಕಾರ್ಮಿಕನ ಮುಖದ ಮುಂದೆಯೇ ಎಳೆದೊಯ್ಯುವಂತಿದ್ದರೆ ಅದರಿಂದ ಲಾಭವಿಲ್ಲ. ಧೂಳು ಏಳುವ ಬಾಯಿಗೇ ಹೀರುಕೊಳವೆ ಇರಬೇಕು.

ಮುಖಕ್ಕೆ ಕಟ್ಟಿದ ಕರವಸ್ತ್ರ ಸೂಕ್ಷ್ಮ ಧೂಳನ್ನು ತಡೆಯದು. ಎನ್-95 ಅಥವಾ ಎಫ್‌ಎಫ್‌ಪಿ-2 ದರ್ಜೆಯ ಮುಖಗವಸು ಬೇಕು, ಅದು ಮೂಗಿನ ಬದಿಗಳಲ್ಲಿ ಬಿಗಿಯಾಗಿ ಕೂರಬೇಕು, ಗಡ್ಡವಿದ್ದರೆ ಕೂರದು. ಇಡೀ ದಿನ ಅದನ್ನು ಧರಿಸುವುದು ಯಾರಿಗೂ ಸಾಧ್ಯವಿಲ್ಲವಾದ್ದರಿಂದ, ಚೀಲ ಬಿಚ್ಚುವ, ಸುರಿಯುವ, ಶುಚಿಗೊಳಿಸುವ ಸಮಯಕ್ಕೆ ಕಡ್ಡಾಯ ಮಾಡುವುದು ವ್ಯವಹಾರಕ್ಕೆ ಒಗ್ಗುವ ಕ್ರಮ.

ಅಲರ್ಜಿ ಖಚಿತವಾದ ಕೆಲಸಗಾರನನ್ನು ಏನು ಮಾಡಬೇಕು ಎಂಬುದು ಕಷ್ಟದ ಪ್ರಶ್ನೆ. ಅವನಿಗೆ ಅಲ್ಪ ಧೂಳೂ ಸಾಕಾಗುವುದರಿಂದ ಮುಖಗವಸೊಂದೇ ರಕ್ಷಣೆಯಾಗದು. ಬೇಗ ದೂರ ಸರಿದಷ್ಟೂ ಎದೆ ಉಳಿಯುವ ಸಂಭವ ಹೆಚ್ಚು. ಹಾಗೆಂದು ಸೀನುವವನನ್ನು ಕೆಲಸದಿಂದ ತೆಗೆದರೆ, ಅದನ್ನು ನೋಡಿದ ಮುಂದಿನವನು ಸೀನನ್ನು ಬಚ್ಚಿಡುತ್ತಾನೆ ಮತ್ತು ಉಬ್ಬಸ ಬಂದ ಮೇಲೆಯೇ ಬಾಯಿ ಬಿಡುತ್ತಾನೆ. ಜರಡಿಯ ಬಳಿಯಿಂದ ರವಾನೆಗೆ, ಗೋದಾಮಿನಿಂದ ಬಿಲ್ಲು ಬರೆಯುವ ಮೇಜಿಗೆ ಅದೇ ಸಂಬಳದಲ್ಲಿ ಬದಲಾಯಿಸಿ, ಹದಿನೈದು ದಿನಗಳ ನಂತರ ಅವನ ನೋಟ್ ಪುಸ್ತಕದ ಅಂಕಗಳನ್ನು ಮತ್ತೆ ನೋಡಬೇಕು. ಇಎಸ್‌ಐ ವ್ಯಾಪ್ತಿಗೆ ಬರುವ ಕೆಲಸಗಾರನಾದರೆ, ಅವನು ಮುಟ್ಟುವ ಸರಕಿನ ಮತ್ತು ಬಳಸುವ ರಾಸಾಯನಿಕಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು ಔಷಧಾಲಯಕ್ಕೆ ಕಳುಹಿಸಬೇಕು.